ಎಲ್ಲರನ್ನೂ ನಿವೃತ್ತಿ ಮಾಡಿಸಿದ ಕಾಕಾ

ಕಳೆದ ವರ್ಷ ಒಂದು ದಿನ ನಮ್ಮ ಕಂಪನಿಯವರೆಲ್ಲ ಒಟ್ಟಿಗೆ ನಿವೃತ್ತರಾದೆವು. ನಾನು, ನನ್ನ ಉಗ್ರಾಣದ ಹಮಾಲರು, ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಮಾವಶಿ, ಹಿಂದಿನ ವಾರವಷ್ಟೇ ಕೆಲಸಕ್ಕೆ ಸೇರಿದ್ದ ಎಂಜಿನಿಯರು, ಗೇಟಿನ ವಾಚ್‌ಮನ್ನು, ಕೊನೆಗೆ ಮಾಲೀಕರು ಕೂಡ. ನನಗಿನ್ನೂ ನಲವತ್ತು ತುಂಬಿರಲಿಲ್ಲ. ನಿವೃತ್ತಿಯ ಮಾತಿರಲಿ, ಬಡ್ತಿಯ ಆಸೆಯಲ್ಲಿದ್ದೆ.

ಈ ಸಾಮೂಹಿಕ ನಿವೃತ್ತಿಗೆ ಕಾರಣರಾದವರು ನಮ್ಮ ಕಾಕಾ. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ, ಹೆಸರು ಬರೆದಿರಿ, ಪಕ್ಕದಲ್ಲಿ ತಾರೀಖು ಯಾಕೆ ಹಾಕಲಿಲ್ಲ ಎಂದು ಕೇಳುತ್ತಾರೆ. ಆಫೀಸಿನ ಮರಾಠಿಯವರಿಗೂ ಅವರು ಕಾಕಾ, ನಮ್ಮಂಥ ನಾಲ್ಕಾರು ಕನ್ನಡದವರಿಗೂ ಕಾಕಾ. ಮಾಲೀಕರ ತಾಯಿ ಒಮ್ಮೆ ಕಾರ್ಖಾನೆಗೆ ಬಂದಾಗ, ವಯಸ್ಸಿನಲ್ಲಿ ಅವರಿಗಿಂತ ಎಷ್ಟೋ ದೊಡ್ಡವರಾಗಿದ್ದೂ, ಕಾಕಾ ಎಂದೇ ಕರೆದರಂತೆ.

ನಮ್ಮದು ಹೊಲ ತೋಟಗಳಿಗೆ ಹನಿ ನೀರು ಬಿಡುವ ಪೈಪು ತಯಾರಿಸುವ ಕಂಪನಿ. ದೊಡ್ಡ ಕಾರ್ಖಾನೆ ಛತ್ರಪತಿ ಸಂಭಾಜಿನಗರದಲ್ಲಿ, ಸಣ್ಣದು ನಾಸಿಕದಲ್ಲಿ. ಕಾಕಾ ಸಂಭಾಜಿನಗರದಲ್ಲಿ ಕಂಪ್ಯೂಟರ್ ವಿಭಾಗದ ಹಿರಿಯರು. ನಾನು ನಾಸಿಕದಲ್ಲಿ ಉಗ್ರಾಣ ನೋಡಿಕೊಳ್ಳುವವಳು. ಅವರು ಕಲಬುರಗಿ ಕಡೆಯವರು. ನಾನು ಉಡುಪಿ ಕಡೆಯವಳು, ನಾಸಿಕದಲ್ಲಿ ಅಪ್ಪನ ಹೋಟೆಲಿದೆ. ಈ ಒಂದು ಕಾರಣಕ್ಕೆ ನಾನು ಅವರ ಬಾಯಲ್ಲಿ ಕೊನೆಯವರೆಗೂ ‘ಹೋಟೆಲ್ ಬಾಯಾರ’, ಅಂದರೆ ಹೋಟೆಲ್ ಅಮ್ಮನವರು, ಆದೆ. ನನಗೆ ದೋಸೆ ಕಾವಲಿಯಿಂದ ಏಳುವುದೇ ಇಲ್ಲ ಎಂದು ಎಷ್ಟು ಸಲ ಹೇಳಿದರೂ ನಂಬಲಿಲ್ಲ. ನನ್ನ ಕನ್ನಡದ ಬಗ್ಗೆಯೂ ಅವರಿಗೆ ಗುಮಾನಿಯಿತ್ತು. ಪಾಠದ ಪುಸ್ತಕ ಓದಿದಂತೆ ಮಾತಾಡುತ್ತೀರಿ, ಮನೆಯಲ್ಲಿ ಜಗಳ ಆಡುವಾಗಲೂ ಹೀಗೆಯೇ ಏನು ಎಂದು ಕೇಳುತ್ತಿದ್ದರು. ಮನೆಯಲ್ಲಿ ಜಗಳ ತುಳುವಿನಲ್ಲಿ ಎಂದೆ. ಹಾಗಾದರೆ ಸರಿ ಎಂದರು.

ನಮ್ಮ ಪರಿಚಯ ಆದದ್ದೂ ಜಗಳದಿಂದಲೇ. ಉಗ್ರಾಣಕ್ಕೆ ಮಾಲು ಬಂದಾಗ ನಾನು ಅದರ ವಿವರವನ್ನು ಕಂಪ್ಯೂಟರಿಗೆ ತುಂಬುತ್ತಿದ್ದೆ. ‘ಮಾಲು ಬಂದ ತಾರೀಖು’ ಎಂಬ ಖಾನೆಯನ್ನು ಮಾತ್ರ ಯಾರೂ ತುಂಬಬೇಕಿರಲಿಲ್ಲ. ಗುಂಡಿ ಒತ್ತಿದೊಡನೆ ಕಂಪ್ಯೂಟರೇ ಆ ದಿನದ ತಾರೀಖು ಹಾಕಿಕೊಳ್ಳುತ್ತಿತ್ತು. ಎಷ್ಟು ಸುಖ ಎಂದುಕೊಂಡಿದ್ದೆ. ಒಂದು ದಿನ ಸಂಭಾಜಿನಗರದಿಂದ ಫೋನು.

“ಬಾಯಾರ, ಈ ಮಾಲು ಯಾವತ್ತು ಬಂತ್ರಿ?”

“ಸೋಮವಾರ, ಸರ್. ಕಂಪ್ಯೂಟರಿನಲ್ಲೇ ಇದೆಯಲ್ಲ.”

“ಸೋಮವಾರ ನೀವು ಬಂದೀರಿ. ನಾ ಮಾಲಿನ ಬಗ್ಗೆ ಕೇಳ್ಲಾಕತ್ತೀನಿ.”

ನನಗೆ ಪಿತ್ತ ನೆತ್ತಿಗೇರಿತು. ಕಂಪ್ಯೂಟರ್ ಸುಳ್ಳು ಹೇಳುತ್ತದೆಯೇ ಎಂದು ಕೇಳಿದೆ.  ಅವರು ಆ ಶನಿವಾರ ಎಸ್‌ಟಿ ಬಸ್ಸು ಹತ್ತಿ ನಾಸಿಕಕ್ಕೆ ಬಂದು, ಗೇಟಿನ ಪಕ್ಕ ವಾಚ್‌ಮನ್ನಿನ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ನಾವು ಮನೆಗೆ ಹೊರಟ ಮೇಲೆ ಲಾರಿ ಬಂತು. ಮಾಲಿಳಿಸಿ, ಶೆಡ್ಡಿಗೆ ಬೀಗ ಹಾಕುವುದನ್ನು ಕಣ್ಣಾರೆ ನೋಡಿದರು. ಭಾನುವಾರ ನಾಸಿಕದಲ್ಲೇ ಇರುವ ಮಗಳ ಮನೆಯಲ್ಲಿ ಊಟ, ನಿದ್ದೆ. ಸೋಮವಾರ ನಾನು ಬಂದು ಅದೇ ಮಾಲನ್ನು ಕಂಪ್ಯೂಟರಿಗೆ ಏರಿಸುವಾಗ ನನ್ನ ಬೆನ್ನ ಹಿಂದೆ ನಿಂತಿದ್ದರು. ಪರದೆಯ ಮೇಲೆ ಸೋಮವಾರದ ತಾರೀಖು ಮೂಡಿತು. ಗೆದ್ದವರು ನಗಬೇಕಲ್ಲ, ಕಾಕಾ ನಗಲಿಲ್ಲ. ಬೇಸರದಿಂದ ತಲೆಯಾಡಿಸಿದರು.

“ಕಂಪ್ಯೂಟರ್ ಸುಳ್ಳು ಹೇಳಂಗಿಲ್ರಿ. ಅದಕ್ಕ ಇವತ್ತು ಅನ್ನೂದೊಂದ ಗೊತ್ತು. ಶನಿವಾರ ಏನಾತು ಅಂತ ನಾವ ಹೇಳಬೇಕು.”

ಅಂದಿನಿಂದ ಆ ಜಾಗದಲ್ಲಿ ಎರಡು ಖಾನೆಗಳಾದವು. ಮಾಲು ಬಂದ ತಾರೀಖನ್ನು ನಾನು ಕೈಯಾರೆ ತುಂಬಬೇಕು. ನಾನು ಅದನ್ನು ತುಂಬಿದ ದಿನದ ತಾರೀಖನ್ನು ಕಂಪ್ಯೂಟರೇ ಹಾಕಿಕೊಳ್ಳುತ್ತದೆ. ಕೆಲಸ ಹೆಚ್ಚಾಯಿತೆಂದು ನಾನು ಒಂದು ತಿಂಗಳು ಅವರಿಗೆ ಶಾಪ ಹಾಕಿದೆ. ಆಮೇಲೆ ರೂಢಿಯಾಯಿತು.

ತಾರೀಖಿನ ಹುಚ್ಚು ಆಫೀಸಿಗೆ ಮಾತ್ರ ಸೀಮಿತವಾಗಿರಲಿಲ್ಲ. ಅಂಗಿಯ ಜೇಬಿನಲ್ಲಿ ಸದಾ ಒಂದು ಅಳಿಸಿಹೋಗದ ಮಸಿಯ ಪೆನ್ನಿರುತ್ತಿತ್ತು. ಉಪ್ಪಿನಕಾಯಿ ಭರಣಿ, ಬಲ್ಬು, ಛತ್ರಿಯ ಹಿಡಿ, ಚಪ್ಪಲಿಯ ಒಳಭಾಗ, ಕಸಬರಿಗೆ, ಯಾವುದನ್ನೂ ಬಿಡುತ್ತಿರಲಿಲ್ಲ. ಮನೆಗೆ ಬಂದ ದಿನದ ತಾರೀಖು ಅದರ ಮೇಲೆ ಬೀಳಲೇಬೇಕು. ಒಮ್ಮೆ ಅವರ ಮನೆಗೆ ಊಟಕ್ಕೆ ಹೋದಾಗ ಅವರ ಹೆಂಡತಿ ಕಾಕು ಅಡುಗೆಮನೆಯಲ್ಲಿ ನನಗೊಂದೊಂದೇ ಡಬ್ಬಿ ತೋರಿಸಿ, ನನಗೊಬ್ಬಳಿಗೇ ಇನ್ನೂ ಹಾಕಿಲ್ಲ, ಹಾಕಿದರೆ ಎಷ್ಟು ಹಳೆಯವಳಾಗಿದ್ದೇನೆಂದು ಅವರಿಗೇ ತಿಳಿಯುತ್ತದೆ ಎಂದರು. ಕಾಕಾ ಒಳಕೋಣೆಯಿಂದಲೇ, ನಿನ್ನ ಗ್ಯಾರಂಟಿ ಮುಗಿದು ಎಷ್ಟೋ ಕಾಲವಾಯಿತು ಎಂದರು. ಅವತ್ತು ಅವರ ತಟ್ಟೆಗೆ ಬಿಸಿ ರೊಟ್ಟಿ ಬರಲಿಲ್ಲ, ನನ್ನ ತಟ್ಟೆಗೆ ಮಾತ್ರ ಬಂತು.

ಇನ್ನು ಅವರ ಕೆಲಸದ ರೀತಿ. ಡೇಟಾಬೇಸೆಂದರೆ ಏನೆಂದು ತಿಳಿಯದವರಿಗೆ ಇಷ್ಟು ಹೇಳಿದರೆ ಸಾಕು: ಅದೊಂದು ಬಹಳ ದೊಡ್ಡ ಪಟ್ಟಿ. ಅದರ ಒಂದು ಖಾನೆಗೆ ಇವತ್ತಿನ ತಾರೀಖು ಹಾಕು ಎಂದು ಕಂಪ್ಯೂಟರಿಗೆ ಹೇಳುವುದು ಸುಲಭ. ಆದರೆ ಯಾರ ಹೆಸರಿನ ಮುಂದೆ ಹಾಕಬೇಕೆಂದು ಕೆಳಗೆ ಇನ್ನೊಂದು ಸಾಲು ಬರೆಯಬೇಕು. ಆ ಸಾಲು ಇಲ್ಲದಿದ್ದರೆ ಕಂಪ್ಯೂಟರ್ ಮರುಮಾತಾಡುವುದಿಲ್ಲ. ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಮುಂದೆಯೂ ಇವತ್ತಿನ ತಾರೀಖು ಹಾಕಿ, ಆಯಿತು ಎನ್ನುತ್ತದೆ.

ಕಾಕಾ ಈ ಕೆಳಗಿನ ಸಾಲನ್ನೇ ಮೊದಲು ಬರೆಯುತ್ತಿದ್ದರು, ಮೇಲಿನದನ್ನು ಆಮೇಲೆ. ಅದಕ್ಕೂ ಮುಂಚೆ ಇಡೀ ಪಟ್ಟಿಯ ಒಂದು ಪ್ರತಿ ತೆಗೆದು ಬೇರೆ ಹೆಸರಿನಲ್ಲಿ ಇಡುತ್ತಿದ್ದರು. ಆ ಹೆಸರಿನಲ್ಲೂ ಅಂದಿನ ತಾರೀಖು ಇರುತ್ತಿತ್ತೆಂದು ಹೇಳಬೇಕಿಲ್ಲ. ಎಲ್ಲ ಬರೆದಾದ ಮೇಲೆ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಪರದೆ ನೋಡುತ್ತ ಕನ್ನಡದಲ್ಲಿ ಗಟ್ಟಿಯಾಗಿ ಕೇಳಿಕೊಳ್ಳುತ್ತಿದ್ದರು: “ಏನ ಹಾಕೂದು? ಇವತ್ತಿನ ತಾರೀಖು. ಯಾರದು?” ಉತ್ತರವನ್ನೂ ತಾವೇ ಹೇಳಿ, ಬರೆದ ಸಾಲುಗಳ ಮೇಲೆ ಮೌಸ್ ಎಳೆದು, ಅವು ನೀಲಿಯಾದ ಮೇಲೆ ಗುಂಡಿ ಒತ್ತುತ್ತಿದ್ದರು. ನೀಲಿಯಾದದ್ದು ಎಷ್ಟೋ ಅಷ್ಟನ್ನು ಮಾತ್ರ ಕಂಪ್ಯೂಟರ್ ನಡೆಸುತ್ತದೆ. ಇದನ್ನು ಓದುಗರು ನೆನಪಿಟ್ಟುಕೊಂಡರೆ ಒಳ್ಳೆಯದು.

ಈ ‘ಯಾರದು’ ಇಡೀ ವಿಭಾಗಕ್ಕೆ ಅಂಟಿಕೊಂಡಿತು. ಕನ್ನಡದ ಗಂಧವಿಲ್ಲದ ಮರಾಠಿ ಹುಡುಗರೂ ಒಬ್ಬರನ್ನೊಬ್ಬರು, ಯಾರದು ಬರೆದೆಯಾ ಎಂದು ಮರಾಠಿಯಲ್ಲಿ ಕೇಳುತ್ತಿದ್ದರು. ಹೊಸದಾಗಿ ಬಂದ ಒಬ್ಬ ಎಂಜಿನಿಯರು ಅದು ಕಂಪ್ಯೂಟರ್ ಭಾಷೆಯ ಪದವೇ ಇರಬೇಕೆಂದು ತಿಳಿದು ಹಾಗೇ ಟೈಪ್ ಮಾಡಿ, ಪರದೆಯ ತುಂಬ ಕೆಂಪಕ್ಷರದಲ್ಲಿ ಬೈಸಿಕೊಂಡ. ಕಾಕಾಗೆ ಇದರಿಂದ ಆದಷ್ಟು ಸಂತೋಷ ಅವರ ಮಗಳ ಮದುವೆಯಲ್ಲೂ ಆಗಿರಲಿಕ್ಕಿಲ್ಲ.

ನಿವೃತ್ತಿ ಹತ್ತಿರ ಬಂದಾಗ ಅವರ ಜಾಗಕ್ಕೆ ಅಶ್ವಿನಿ ಎಂಬ ಹುಡುಗಿ ಬಂದಳು. ಬೀದರ್ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಸಂಭಾಜಿನಗರ. ಕಾಕಾ ಕನ್ನಡದಲ್ಲಿ ಹೇಳಿಕೊಡುವರು, ಅವಳು ಮರಾಠಿಯಲ್ಲಿ ಅನುಮಾನ ಕೇಳುವಳು, ಇಬ್ಬರಿಗೂ ತೊಂದರೆಯಿರಲಿಲ್ಲ. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ತಂದೆಗೆ ಕಾಯಿಲೆಯಾದ ಮೇಲೆ ಮನೆ ನಡೆಯುತ್ತಿದ್ದದ್ದು ಅವಳಿಂದಲೇ ಎಂದು ಕಾಕಾ ನನಗೆ ಹೇಳಿದ್ದರು. ಹುಡುಗಿ ಚುರುಕು, ಆದರೆ ಬೈದರೆ ತಿರುಗಿ ಮಾತಾಡುವುದಿಲ್ಲ, ಅದೊಂದನ್ನು ಕಲಿಸಲು ನನಗೆ ಆಗಲಿಲ್ಲ ಎಂದೂ ಹೇಳಿದ್ದರು.

ಬೀಳ್ಕೊಡುಗೆಯ ದಿನ ನನಗೆ ಹೋಗಲಾಗಲಿಲ್ಲ. ಫೋನಿಗೆ ಫೋಟೋಗಳು ಬಂದವು: ಹಾರ, ಶಾಲು, ತೆಂಗಿನಕಾಯಿ, ಕಣ್ಣು ಮುಚ್ಚಿಕೊಂಡ ಕಾಕಾ. ಅವರು ಆ ಸಂಜೆಯೇ ಬಸ್ಸು ಹತ್ತಿ ನಾಸಿಕಕ್ಕೆ ಬಂದರು. ಕಾಕು ಆಗಲೇ ಮಗಳ ಮನೆಗೆ ಬಂದು, ಮೊಮ್ಮಗುವನ್ನು ನೋಡಿಕೊಳ್ಳುತ್ತಿದ್ದರು.

ಮರುದಿನ ಬೆಳಿಗ್ಗೆ ನಾಸಿಕದ ಗೇಟಿನಲ್ಲಿ ನನ್ನ ಕಾರ್ಡು ತೋರಿಸಿದೆ. ಯಂತ್ರ ಕೆಂಪು ದೀಪ ಹಚ್ಚಿತು. ವಾಚ್‌ಮನ್ ತನ್ನ ಪರದೆ ನೋಡಿ, ಮೇಡಂ, ನೀವು ನಿನ್ನೆ ಕೆಲಸ ಬಿಟ್ಟಿದ್ದೀರಿ ಎಂದ. ತಮಾಷೆ ಎಂದುಕೊಂಡೆ. ನನ್ನ ಹಿಂದಿದ್ದವರೂ ನಿನ್ನೆ ಬಿಟ್ಟಿದ್ದರು, ಅವರ ಹಿಂದಿದ್ದವರೂ ಬಿಟ್ಟಿದ್ದರು. ವಾಚ್‌ಮನ್ ಚಹಾ ಕುಡಿಯಲು ಹೊರಗೆ ಬಂದವನು ವಾಪಸು ಹೋಗಲು ಕಾರ್ಡು ತೋರಿಸಿದರೆ ಅವನನ್ನೂ ಯಂತ್ರ ಬಿಡಲಿಲ್ಲ. ಸಂಭಾಜಿನಗರಕ್ಕೆ ಫೋನ್ ಮಾಡಿದರೆ ಅಲ್ಲೂ ಇದೇ ಕಥೆ. ಗೇಟಿನ ಯಂತ್ರ, ಕಂಪ್ಯೂಟರಿನ ಪಾಸ್‌ವರ್ಡ್ ಎರಡೂ ನೌಕರರ ಪಟ್ಟಿಯ ‘ಕೆಲಸ ಬಿಟ್ಟ ತಾರೀಖು’ ಖಾನೆಯನ್ನು ನೋಡುತ್ತವೆ. ಖಾನೆ ಖಾಲಿಯಿದ್ದರೆ ಒಳಗೆ, ತುಂಬಿದ್ದರೆ ಹೊರಗೆ. ಆ ಖಾನೆಯಲ್ಲಿ ಎಲ್ಲರ ಮುಂದೆಯೂ ನಿನ್ನೆಯ ತಾರೀಖಿತ್ತು. ಎಂದೋ ಮ್ಯಾನೇಜರ ಮೇಲೆ ಕುರ್ಚಿ ಎಸೆದು ಹೋಗಿದ್ದ ಫಿಟ್ಟರ್ ಕೂಡ ನಿನ್ನೆ ನಮ್ಮ ಜೊತೆ ಮರ್ಯಾದೆಯಿಂದ ನಿವೃತ್ತನಾಗಿದ್ದ.

ಹೇಗೂ ಒಳಗೆ ಬಿಡುವುದಿಲ್ಲವಲ್ಲ, ಈ ಕಥೆಯನ್ನು ಕಾಕಾಗೆ ಮೊದಲು ಹೇಳಿದ ಪುಣ್ಯ ನನ್ನದಾಗಲಿ ಎಂದು ಸೀದಾ ಅವರ ಮಗಳ ಮನೆಗೆ ಹೋದೆ. ಕಾಕಾ ಚಹಾ ಕುಡಿಯುತ್ತಿದ್ದರು. ಯಂತ್ರ, ವಾಚ್‌ಮನ್ನು, ಫಿಟ್ಟರ್ ಎಲ್ಲ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ‘ಯಾರದು’ ಬರೆಯದೆ ಓಡಿಸಿದ್ದಾರೆ, ಯಾರು ಆ ಮಹಾನುಭಾವ ಎಂದು ಕೇಳಿದರು. ಅಶ್ವಿನಿಯ ಕಂಪ್ಯೂಟರಿನಿಂದ ಹೋಗಿದೆಯಂತೆ, ಮ್ಯಾನೇಜರು ಎಲ್ಲರ ಎದುರಿಗೆ ಅವಳಿಗೆ ಮಂಗಳಾರತಿ ಮಾಡಿ, ನಾಳೆಯಿಂದ ಬರಬೇಡ ಎಂದರಂತೆ, ಸರ್ವರ್ ಕೋಣೆಯ ಬೀಗದ ಕೈ ಕಿತ್ತುಕೊಂಡು ಅವಳನ್ನು ವರಾಂಡದಲ್ಲಿ ಕೂರಿಸಿದ್ದಾರಂತೆ, ಅವಳು ಬಾಯಿ ಬಿಡುತ್ತಿಲ್ಲವಂತೆ ಎಂದೆ.

ಕಾಕಾ ಬಟ್ಟಲು ಕೆಳಗಿಟ್ಟರು. ಆಮೇಲೆ ಊಟದ ಮೇಜಿನ ಮೇಲೆ, ಪ್ಲಾಸ್ಟಿಕ್ ಹಾಸಿನ ಹೂವುಗಳ ಮೇಲೆ, ತೋರುಬೆರಳನ್ನು ಮೌಸಿನ ಹಾಗೆ ಮೆಲ್ಲಗೆ ಎಳೆದರು. ಎಳೆಯುತ್ತ ಅರ್ಧಕ್ಕೆ ನಿಲ್ಲಿಸಿದರು. ಮತ್ತೊಮ್ಮೆ ಎಳೆದರು, ಮತ್ತೆ ಅಲ್ಲಿಗೇ ನಿಂತಿತು.

“ನಾನ ರೀ ಅದು,” ಎಂದರು.

ಆದದ್ದು ಹೀಗೆ. ಹಾರ ಹಾಕಿಸಿಕೊಂಡು, ಭಾಷಣ ಕೇಳಿ, ತಮ್ಮ ಕೆಲಸ ಬಿಟ್ಟ ತಾರೀಖನ್ನು ತಾವೇ ಹಾಕಿ ಹೋಗಬೇಕೆಂದು ಅವರಿಗೆ ಆಸೆಯಾಗಿದೆ. ತಮ್ಮ ಕಂಪ್ಯೂಟರನ್ನು ಆಗಲೇ ಒಪ್ಪಿಸಿಯಾಗಿತ್ತು. ಅಶ್ವಿನಿಯ ಕುರ್ಚಿಯಲ್ಲಿ ಕುಳಿತು, ಪಟ್ಟಿಯ ಪ್ರತಿ ತೆಗೆದು, ಕೆಳಗಿನ ಸಾಲನ್ನು ಮೊದಲು ಬರೆದು, ತಮ್ಮದೇ ನಂಬರು ಹಾಕಿ, ಮೇಲಿನದನ್ನು ಬರೆದು, ಕೈ ತೊಡೆಯ ಮೇಲಿಟ್ಟು ಓದಿದ್ದಾರೆ. ಎಲ್ಲ ಸರಿಯಿತ್ತು. ಮೌಸ್ ಎಳೆಯುವಾಗ ಕನ್ನಡಕ ಮಂಜಾಗಿತ್ತು. ಮೇಲಿನ ಸಾಲು ನೀಲಿಯಾಯಿತು, ಕೆಳಗಿನದು ಹಾಗೇ ಉಳಿಯಿತು. ಗುಂಡಿ ಒತ್ತಿದರು. ಎಷ್ಟು ಮಂದಿಗೆ ತಾರೀಖು ಬಿತ್ತು ಎಂದು ಕಂಪ್ಯೂಟರ್ ಕೆಳಗೆ ಹೇಳಿಯೇ ಇತ್ತು. ಓದುವಷ್ಟರಲ್ಲಿ ಫೋಟೋಕ್ಕೆ ಬನ್ನಿ ಎಂದು ಯಾರೋ ತೋಳು ಹಿಡಿದು ಎಬ್ಬಿಸಿಕೊಂಡು ಹೋದರು.

ಫೋನ್ ಮಾಡಿ ಹೇಳಿದರಾಯಿತಲ್ಲ ಎಂದರು ಕಾಕು. ಕಾಕಾ ಆಗಲೇ ಅಂಗಿ ಹಾಕಿಕೊಳ್ಳುತ್ತಿದ್ದರು.

“ಆ ಹುಡುಗಿ ಎಲ್ಲಾರ ಮುಂದ ಬೈಸಿಕೊಂಡಾಳ. ನಾ ಫೋನಿನ್ಯಾಗ ಒಬ್ಬರ ಕಿವ್ಯಾಗ ಹೇಳಿದ್ರ ಹ್ಯಾಂಗ ಆಗ್ತದ?”

ನಿವೃತ್ತಳಾದ ನನಗೂ ಬೇರೆ ಕೆಲಸವಿರಲಿಲ್ಲ, ಜೊತೆಗೆ ಹೊರಟೆ. ಬಸ್ಸು ಯೇವಲಾ, ವೈಜಾಪುರ ದಾಟಿತು. ಸಾಮಾನ್ಯವಾಗಿ ಕಾಕಾ ಟಿಕೆಟಿನ ಮೇಲೆ ಅಚ್ಚಾದ ತಾರೀಖನ್ನು ಪರೀಕ್ಷಿಸದೆ ಜೇಬಿಗೆ ಹಾಕುವವರಲ್ಲ, ಅವತ್ತು ಹಾಗೇ ಮಡಚಿಟ್ಟರು. ದಾರಿಯಲ್ಲಿ ಒಮ್ಮೆ ಚೀಲ ತೆರೆದು ತೋರಿಸಿದರು. ಒಳಗೆ ನಿನ್ನೆಯ ಶಾಲು ಮಡಚಿಟ್ಟುಕೊಂಡು ಬಂದಿದ್ದರು. ಇದನ್ನು ಹೊದೆಯುವ ಯೋಗ್ಯತೆ ನನಗಿಲ್ಲ, ವಾಪಸು ಕೊಡುತ್ತೇನೆ ಎಂದರು. ಹೊದಿಸಿದ ಶಾಲನ್ನು ವಾಪಸು ತೆಗೆದುಕೊಳ್ಳುವ ಪದ್ಧತಿ ಯಾವ ಸೀಮೆಯಲ್ಲೂ ಇಲ್ಲ ಎಂದು ನಾನು ರೇಗಿದೆ. ಇಷ್ಟು ವರ್ಷ ಇನ್ನೊಬ್ಬರಿಗೆ ಬುದ್ಧಿ ಹೇಳಿದ ಮನುಷ್ಯ ಮಂಕಾಗಿ ಕೂತದ್ದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಸಂಭಾಜಿನಗರದ ಕಾರ್ಖಾನೆಯಲ್ಲಿ ಎಲ್ಲರನ್ನೂ ಸಹಿ ಮಾಡಿಸಿಕೊಂಡು ಒಳಗೆ ಬಿಟ್ಟಿದ್ದರು. ಆದರೆ ಕಂಪ್ಯೂಟರ್ ಯಾರನ್ನೂ ಬಿಡುತ್ತಿರಲಿಲ್ಲ, ಸಿಲ್ಲೋಡ್ ಊರಿಗೆ ಹೋಗಬೇಕಾದ ಲಾರಿಗಳು ಬಿಲ್ ಆಗದೆ ಪೈಪು ಹೇರಿಕೊಂಡು ಅಂಗಳದಲ್ಲಿ ನಿಂತಿದ್ದವು. ವರಾಂಡದ ಕುರ್ಚಿಯಲ್ಲಿ ಅಶ್ವಿನಿ ಕುಳಿತಿದ್ದಳು. ಅತ್ತು ಮುಗಿದ ಮುಖ.

ಕಾಕಾ ಮ್ಯಾನೇಜರ ಕೋಣೆಗೆ ಹೋಗಲಿಲ್ಲ. ಎಲ್ಲರೂ ಸುಮ್ಮನೆ ಕುಳಿತಿದ್ದ ಹಾಲ್‌ನ ನಡುವೆ ನಿಂತು, ಮ್ಯಾನೇಜರನ್ನೇ ಹೊರಗೆ ಕರೆಸಿ, ಶುದ್ಧ ಮರಾಠಿಯಲ್ಲಿ ಹೇಳಿದರು: ನಿಮ್ಮೆಲ್ಲರನ್ನೂ ಮನೆಗೆ ಕಳಿಸಿದವನು ನಾನು, ಅವಳ ಕುರ್ಚಿಯಲ್ಲಿ ಕುಳಿತು ಮಾಡಿದ್ದು ನಾನು, ಅವಳು ಆ ಹೊತ್ತಿಗೆ ನಿಮಗೆಲ್ಲ ಸಮೋಸಾ ಹಂಚುತ್ತಿದ್ದಳು. ಮ್ಯಾನೇಜರ ಮುಖ ನೋಡುವಂತಿತ್ತು. ಅವರೇನೂ ಕೆಟ್ಟವರಲ್ಲ. ಹೋಗಲಿ ಕಾಕಾ, ತಾಂತ್ರಿಕ ದೋಷ ಎಂದು ಬರೆದು ಮುಗಿಸೋಣ, ನಿಮ್ಮ ಹೆಸರೇಕೆ ಎಂದರು. ಕಾಕಾ ಒಪ್ಪಲಿಲ್ಲ. ದೋಷಕ್ಕೆ ಹೆಸರಿದೆ, ಅದನ್ನೇ ಬರೆಯಿರಿ ಎಂದರು. ಆಮೇಲೆ ಅಶ್ವಿನಿಯ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು.

“ನೀ ಯಾಕ ಹೇಳಲಿಲ್ಲವ್ವಾ?”

ಅವಳು ಮರಾಠಿಯಲ್ಲಿ ಶುರುಮಾಡಿ, ನಡುವೆ ನಿಂತು, ಅಜ್ಜಿಯಿಂದ ಕೇಳಿದ ಕನ್ನಡವನ್ನು ಹುಡುಕಿಕೊಂಡು ಹೇಳಿದಳು: “ನಿಮ್ಮ ಹೆಸರು ನನ್ನ ಬಾಯಿಲಿಂದ ಬ್ಯಾಡ ಅನಸ್ತು, ಕಾಕಾ.”

ಮ್ಯಾನೇಜರು ಬೀಗದ ಕೈಯನ್ನು ಅವಳಿಗೆ ಕೊಟ್ಟರು. ನಾಳೆ ಬರುತ್ತೀಯಲ್ಲ ಎಂದು ಕೇಳಿದರು. ಕ್ಷಮೆ ಕೇಳುವ ಅವರ ರೀತಿ ಅದು. ಸರ್ವರ್ ಕೋಣೆಯ ಕಂಪ್ಯೂಟರಿಗೆ ಗೇಟಿನ ತಕರಾರು ಇಲ್ಲ, ಅದರ ಪಾಸ್‌ವರ್ಡೇ ಬೇರೆ. ಕಾಕಾ ಅದನ್ನು ಮುಟ್ಟಲಿಲ್ಲ. ಹಿಂದೆ ನಿಂತುಕೊಂಡರು. ನಿನ್ನೆ ತಾವು ತೆಗೆದಿಟ್ಟ ಪ್ರತಿಯ ಹೆಸರು ಹೇಳಿದರು. ಅಶ್ವಿನಿ ಅದರಿಂದ ಹಳೆಯ ಖಾನೆಯನ್ನು ವಾಪಸು ತಂದಳು. ಹೊರಗೆ ಒಬ್ಬೊಬ್ಬರದೇ ಕಂಪ್ಯೂಟರ್ ತೆರೆದುಕೊಳ್ಳುತ್ತ ಹೋದಂತೆ ಮದುವೆಮನೆಯ ಗದ್ದಲ ಎದ್ದಿತು. ಫಿಟ್ಟರ್ ತನ್ನ ಹಳೆಯ ಅವಮಾನಕ್ಕೆ ಮರಳಿದ. ನಾನು ಮತ್ತೆ ಉಗ್ರಾಣದವಳಾದೆ.

ಪಟ್ಟಿಯಲ್ಲಿ ಕಾಕಾ ಹೆಸರಿನ ಮುಂದೆಯೂ ಖಾನೆ ಖಾಲಿಯಾಗಿತ್ತು. ಕಂಪ್ಯೂಟರಿನ ಪ್ರಕಾರ ಅವರಿನ್ನೂ ನೌಕರಿಯಲ್ಲಿದ್ದರು. ಹಾಗೇ ಇರಲಿ ಬಿಡಿ ಎಂದು ಮ್ಯಾನೇಜರು ನಕ್ಕರು. ಕಾಕಾ ನಗಲಿಲ್ಲ. ನಂದೊಂದು ಹಾಕಿಬಿಡು, ನಿನ್ನೆಯ ತಾರೀಖು ಹಾಕು ಎಂದು ಅಶ್ವಿನಿಗೆ ಹೇಳಿದರು. ಅವಳು ಪ್ರತಿ ತೆಗೆದಳು, ಕೆಳಗಿನ ಸಾಲು ಬರೆದಳು, ಮೇಲಿನದನ್ನು ಬರೆದಳು, ಕೈ ತೊಡೆಯ ಮೇಲಿಟ್ಟಳು. ಎರಡೂ ಸಾಲುಗಳನ್ನು ನೀಲಿ ಮಾಡಿ ಗುಂಡಿ ಒತ್ತಿದಳು. ಖಾನೆಯಲ್ಲಿ ಮೂಡಿದ್ದು ನಿನ್ನೆಯ ತಾರೀಖಾಗಿರಲಿಲ್ಲ, ಇವತ್ತಿನದು.

ತಪ್ಪಾಯಿತಲ್ಲ, ಇದನ್ನು ಹಾಕಲು ಯಾರು ಹೇಳಿದರು ಎಂದು ಮ್ಯಾನೇಜರು ಕೇಳಿದರು. ಬೆಳಿಗ್ಗೆಯಿಂದ ಬಾಯಿ ಬಿಡದ ಹುಡುಗಿ ಕುರ್ಚಿ ತಿರುಗಿಸಿ ಅವರ ಮುಖ ನೋಡಿಯೇ ಉತ್ತರ ಕೊಟ್ಟಳು. ಯಾರೂ ಹೇಳಲಿಲ್ಲ, ನಾನೇ ಹಾಕಿದ್ದು, ಹಾರ ಹಾಕಿದ್ದು ನಿನ್ನೆ, ಕೆಲಸ ಮುಗಿದದ್ದು ಇವತ್ತು, ಬೇಕಾದರೆ ಕಾಕಾರನ್ನೇ ಕೇಳಿ ಎಂದಳು.

ಕಾಕಾ ಪರದೆಯ ಹತ್ತಿರ ಬಗ್ಗಿ ನೋಡಿದರು. ಏನಾದರೂ ತಪ್ಪು ಸಿಗುತ್ತದೆಯೇ ಎಂದು ಹುಡುಕುತ್ತಿದ್ದಾರೆಂದು ನನಗೆ ಗೊತ್ತಾಯಿತು. ಸಿಗಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಕಾಕಾ ಚೀಲದಿಂದ ಶಾಲು ತೆಗೆದರು. ವಾಪಸು ಕೊಡುತ್ತಾರೆಂದುಕೊಂಡೆ. ಎಲ್ಲರೂ ನೋಡುತ್ತಿದ್ದಂತೆ ಅದನ್ನು ಬಿಡಿಸಿ, ಕೊಡವಿ, ತಾವೇ ಹೊದ್ದುಕೊಂಡರು.

“ನಡೀರಿ ಬಾಯಾರ,” ಎಂದರು, “ಈಗ ರಿಟೈರ್ ಆದೆ.”